ಬೆಸುಗೆಯ ಬೆನ್ನು

ಬಾಗಿಸಿದ ತುಂಡು ಬಾಯಿ ಬಿಟ್ಟಾಗ ಸದ್ದೇ ಆಗಲಿಲ್ಲ. ಉಕ್ಕಾಗಿದ್ದರೆ ಟಣ್ಣೆಂದು ಊರಿಗೆಲ್ಲ ಸಾರುತ್ತಿತ್ತು; ಅಲ್ಯೂಮಿನಿಯಂ ಮಾತ್ರ ಮರ್ಯಾದಸ್ಥ ಮನೆತನದ ಹಾಗೆ, ಒಳಗೊಳಗೇ ಒಡೆಯುತ್ತದೆ. ಪ್ರಯೋಗಾಲಯಕ್ಕೆ ಬಂದು ನಾಲ್ಕನೆಯ ದಿನವಷ್ಟೇ ಆಗಿದ್ದ ಇಂಜಿನಿಯರಮ್ಮ ಯಂತ್ರವನ್ನು ನಿಲ್ಲಿಸಿ, ತುಂಡನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಬೆಸುಗೆಯ ಅಡಿಬದಿಯಲ್ಲಿ, ಹೊಲಿಗೆಯ ಉದ್ದಕ್ಕೂ, ಉಗುರಿನಲ್ಲಿ ಗೀರಿದಂಥ ಸೀಳು ತೆರೆದುಕೊಂಡಿತ್ತು.

"ಇದು ಪಾಸಾಗಬೇಕಿತ್ತಲ್ವಾ?" ಎಂದಳು.

"ಆಗೇ ಆಗ್ತಿತ್ತು," ಎಂದ ಅಲ್ಲಿನ ಹಿರಿಯ ಪರೀಕ್ಷಕ ಕನ್ನಡಿ. "ಮೂವತ್ತೊಂದು ವರ್ಷದಲ್ಲಿ ನನ್ನ ಕೈಲಿ ಒಂದೂ ಹೀಗೆ ಬಾಯಿ ಬಿಟ್ಟಿಲ್ಲ. ನೀವು ಬೆನ್ನು ತೀಡದೇನೆ ಬಾಗಿಸಿಬಿಟ್ರಿ."

"ಬೆನ್ನು ತೀಡೋದು ಅಂದ್ರೆ?"

ಕನ್ನಡಿ ಎಂಬುದು ತಾಯಿತಂದೆ ಇಟ್ಟ ಹೆಸರಲ್ಲ. ಅವನು ಉಜ್ಜಿದ ಲೋಹದಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಬಹುದು ಎಂದು ಯಾರೋ ಹಳೆಯ ಫೋರ್‌ಮನ್ ಹೇಳಿದ್ದು, ಹಾಗೇ ಅಂಟಿಕೊಂಡಿತ್ತು. ಬೆಸೆದ ಹಲಗೆಗಳ ಜೊತೆಗೇ ಒಂದು ಮಾದರಿ ಹಲಗೆಯನ್ನೂ ಬೆಸೆದು ಅವನ ಮೇಜಿಗೆ ಕಳಿಸುವುದು ಕಾರ್ಖಾನೆಯ ಪದ್ಧತಿ. ಅದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಒಂದನ್ನು ಎಳೆದು, ಒಂದನ್ನು ಬಾಗಿಸಿ, ಇನ್ನೊಂದರ ಅಂಚನ್ನು ಉಜ್ಜಿ ಹೊಳಪಿಸಿ ಆಮ್ಲದಲ್ಲಿ ಅದ್ದಿ ಸೂಕ್ಷ್ಮದರ್ಶಕದ ಕೆಳಗೆ ಇಡುವುದು ಅವನ ಕೆಲಸ. ಅವನು ತೇರ್ಗಡೆ ಎಂದರೆ ಆ ಇಡೀ ಸರಕು ದೋಣಿಕಟ್ಟೆಗೆ ಹೋಗಿ, ನದಿ ದಾಟಿಸುವ ಹಡಗುಗಳ ನೆಲವಾಗಿ, ಜನರ ಕಾಲಡಿಗೆ ಬೀಳುತ್ತಿತ್ತು.

ಆ ಬೆಸುಗೆಯೇ ಒಂದು ವಿಚಿತ್ರ. ಅದರಲ್ಲಿ ಬೆಂಕಿಯಿಲ್ಲ, ಕಿಡಿಯಿಲ್ಲ, ಲೋಹ ಕರಗುವುದೂ ಇಲ್ಲ. ಎರಡು ಹಲಗೆಗಳನ್ನು ಅಂಚಿಗೆ ಅಂಚು ಒತ್ತಿ ಬಿಗಿದು, ಗಿರಗಿರನೆ ತಿರುಗುವ ಉಕ್ಕಿನ ಪಿನ್ನೊಂದನ್ನು ಆ ಗೆರೆಯೊಳಕ್ಕೆ ಇಳಿಸಿ ನಿಧಾನವಾಗಿ ನಡೆಸುತ್ತಾರೆ. ಉಜ್ಜಾಟದ ಬಿಸಿಗೆ ಲೋಹ ಹಿಟ್ಟಿನ ಹಾಗೆ ಮೆತ್ತಗಾಗಿ, ಎರಡೂ ಬದಿಯದು ಒಂದರೊಳಗೊಂದು ನಾದಿಕೊಳ್ಳುತ್ತದೆ. ಕತ್ತರಿಸಿ ನೋಡಿದರೆ ನಡುವೆ ಈರುಳ್ಳಿ ಹೆಚ್ಚಿದಂತೆ ಉಂಗುರ ಉಂಗುರ. ಅಲ್ಲಿ ಕಣಗಳು ಧೂಳಿಗಿಂತ ಸಣ್ಣ, ಗಟ್ಟಿ. ಅದರ ಅಕ್ಕಪಕ್ಕ ಎಳೆದಾಡಿಸಿಕೊಂಡು ವಾಲಿದ ಕಣಗಳು. ಅದರಾಚೆ, ಪಿನ್ನು ಮುಟ್ಟದೆ ಬರಿಯ ಬಿಸಿ ತಾಗಿ ಸೊರಗಿದ ಜಾಗ. ಒಳ್ಳೆಯ ಬೆಸುಗೆಯನ್ನು ಎಳೆದರೆ ಹರಿಯುವುದು ಈ ಸೊರಗಿದ ಜಾಗದಲ್ಲಿ, ಹೊಲಿಗೆಯಲ್ಲಲ್ಲ. ಜಗಳದ ನಡುವೆ ನಿಂತವರಿಗಿಂತ ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರು ಮೊದಲು ಮುರಿಯುತ್ತಾರೆಂದು ಕನ್ನಡಿ ಹೊಸಬರಿಗೆ ಪಾಠ ಹೇಳುವಾಗ ಹೇಳುತ್ತಿದ್ದ. ನಗುವವರು ನಗುತ್ತಿದ್ದರು.

ಕೇಡು ಇರುವುದು ಅಡಿಯಲ್ಲಿ. ಪಿನ್ನು ತಳದವರೆಗೆ ಇಳಿಯದಿದ್ದರೆ ಕೆಳಗಿನ ಅಂಚುಗಳು ಬೆರೆಯುವುದಿಲ್ಲ. ಒಂದನ್ನೊಂದು ಮುಟ್ಟಿಕೊಂಡು ನಿಂತಿರುತ್ತವೆ, ಅಷ್ಟೆ. ಕಾರ್ಖಾನೆಯವರು ಅದನ್ನು ತುಟಿಬೆಸುಗೆ ಎನ್ನುತ್ತಾರೆ. ಬರಿಗಣ್ಣಿಗೆ ಕಾಣದು, ತಟ್ಟಿದರೆ ಗೊತ್ತಾಗದು. ಅಡಿಬದಿ ಹೊರಕ್ಕೆ ಬರುವಂತೆ ಬಾಗಿಸಿದಾಗ ಮಾತ್ರ ಬಾಯಿ ಬಿಡುತ್ತದೆ.

"ಅಡಿಯಲ್ಲಿ ಉಬ್ಬು ಬರತ್ತೆ. ಅದನ್ನ ಅರದಲ್ಲಿ ತೀಡಿ ಸಮ ಮಾಡ್ಕೋಬೇಕು," ಎಂದು ಕನ್ನಡಿ ವಿವರಿಸಿದ. "ಒಂದು ಕೂದಲಷ್ಟು. ಇಲ್ಲಾಂದ್ರೆ ಅಂಚು ಒರಟು ಕಾಣತ್ತೆ."

ಇಂಜಿನಿಯರಮ್ಮ ಅವನು ತೀಡಿಟ್ಟಿದ್ದ ಜೋಡಿ ತುಂಡನ್ನು ಅಳೆದಳು. ತನ್ನದನ್ನೂ ಅಳೆದಳು. "ಯಾರ ಕೂದಲು ಸಾರ್ ಇದು? ನಾಲ್ಕು ಹತ್ತಂಶ ಮಿಲಿಮೀಟರು. ಕುದುರೆ ಬಾಲದಲ್ಲೂ ಇಷ್ಟು ದಪ್ಪದ್ದು ಸಿಗಲ್ಲ." ಆಮೇಲೆ, ತಮಾಷೆಯನ್ನು ಬದಿಗಿಟ್ಟು, "ಉಬ್ಬು ಎಲ್ಲಿದೆ? ನನ್ನ ತುಂಡಲ್ಲಿ ಇಲ್ವಲ್ಲ," ಎಂದಳು.

ಕನ್ನಡಿ ಅವಳ ತುಂಡನ್ನು ತೆಗೆದುಕೊಂಡು ಅಡಿಬದಿಯ ಮೇಲೆ ಹೆಬ್ಬೆರಳಾಡಿಸಿದ. ನುಣುಪಾಗಿತ್ತು.

ಉಬ್ಬು ಒಂದು ಕಾಲಕ್ಕೆ ಇತ್ತು. ಹಲಗೆಗಳ ಕೆಳಗೆ ಆಸರೆಗಿಡುತ್ತಿದ್ದ ಹಳೆಯ ಉಕ್ಕಿನ ಪಟ್ಟಿಯಲ್ಲಿ ಸವೆದ ತೋಡೊಂದಿತ್ತು. ಲೋಹ ಅದರೊಳಕ್ಕೆ ಇಳಿದು ಅಡಿಯಲ್ಲಿ ದಿಣ್ಣೆಯಾಗುತ್ತಿತ್ತು. ಹನ್ನೊಂದು ವರ್ಷದ ಹಿಂದೆ ನುಣುಪಾದ ಹೊಸ ಪಟ್ಟಿ ಬಂತು. ದಿಣ್ಣೆ ಹೋಯಿತು. ಅರ ಹಿಡಿದ ಕೈಗೆ ಮಾತ್ರ ಯಾರೂ ಹೇಳಲಿಲ್ಲ. ಅದು ಇಲ್ಲದ ಉಬ್ಬನ್ನು ಹನ್ನೊಂದು ವರ್ಷ ತೀಡಿತು; ಉಬ್ಬಿರದ ಜಾಗದಲ್ಲಿ ತೀಡಿದ್ದು ಬೆಸುಗೆಯನ್ನೇ, ಅದರ ಅತಿ ಸಂಶಯದ ನಾಲ್ಕು ಹತ್ತಂಶವನ್ನೇ.

"ಸೀಳು ಎಷ್ಟು ಆಳ ಇದೆ?" ಎಂದು ಅವನು ಕೇಳಿದ.

"ನಾಲ್ಕು ಹತ್ತಂಶಕ್ಕಿಂತ ಚೂರು ಕಮ್ಮಿ," ಎಂದಳು ಇಂಜಿನಿಯರಮ್ಮ. ಅವಳ ಮುಖದಲ್ಲಿ ಆರೋಪವಿರಲಿಲ್ಲ. ಇದ್ದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

ಅವನಿಗೆ ಆಗ ನೆನಪಾದದ್ದು ಹೆಂಡತಿಯ ತಮ್ಮ.

ಬೆಸುಗೆ ಯಂತ್ರವನ್ನು ಹದಿನೇಳು ವರ್ಷ ನಡೆಸಿದವನು ಈ ಭಾವಮೈದುನ. ಕನ್ನಡಿಗೆ ಬಾಮೈದನಾದ್ದರಿಂದ ಇಡೀ ಕಾರ್ಖಾನೆಗೇ ಬಾಮೈದ; ಕಾವಲುಗಾರನಿಂದ ಹಿಡಿದು ಮ್ಯಾನೇಜರನವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು, ಅವನೂ ಎಲ್ಲರ ಹೆಂಡತಿಯರನ್ನು ಅಕ್ಕ ಎಂದೇ ಕರೆದು ಯೋಗಕ್ಷೇಮ ವಿಚಾರಿಸುತ್ತಿದ್ದ. ಎರಡು ವರ್ಷದ ಹಿಂದೆ ದೋಣಿಕಟ್ಟೆಯಲ್ಲಿ ಕ್ರೇನು ಎತ್ತಿದ ಹಲಗೆಯೊಂದು ಹೊಲಿಗೆಯ ಉದ್ದಕ್ಕೂ ಬಿಚ್ಚಿಕೊಂಡು ಬಿತ್ತು. ಕೆಳಗಿದ್ದ ಕೂಲಿಯವನ ಪಾದ ಜಜ್ಜಿಹೋಯಿತು. ವಿಚಾರಣೆ ನಡೆಯಿತು. ಪಿನ್ನು ಸವೆದು ಮೊಂಡಾಗಿದೆ, ತಳ ಮುಟ್ಟುತ್ತಿಲ್ಲ, ಮೂರು ಸಲ ಪಾಳಿ ಪುಸ್ತಕದಲ್ಲಿ ಬರೆದಿದ್ದೇನೆ ಎಂದು ಬಾಮೈದ ಹೇಳಿದ. ಮಾದರಿ ತುಂಡು ಪಾಸಾಗುತ್ತಿರುವಷ್ಟು ಕಾಲ ಪಿನ್ನು ಬದಲಿಸುವಂತಿಲ್ಲವೆಂಬುದು ಕಾರ್ಖಾನೆಯ ನಿಯಮ, ತುಂಡು ಪಾಸಾಗಿತ್ತು. ಹಾಗಾದರೆ ತಪ್ಪು ಪಿನ್ನಿನದಲ್ಲ, ಅವಸರದಲ್ಲಿ ಸಾಕಷ್ಟು ಒತ್ತದೆ ನಡೆಸಿದ ಕೈಯದು. ವಿಚಾರಣೆಯ ಹಿರಿಯರು ಕನ್ನಡಿಯನ್ನು ಕರೆದು, ನಿಮ್ಮ ಪರೀಕ್ಷೆಯಲ್ಲಿ ಹೆಚ್ಚುಕಮ್ಮಿ ಆಗಿರಬಹುದೇ ಎಂದು ಕೇಳಿದ್ದರು. ಅವನು ಎದ್ದು ನಿಂತು, "ನನ್ನ ತುಂಡು ಸುಳ್ಳು ಹೇಳಲ್ಲ," ಎಂದಿದ್ದ. ಎದುರು ಬೆಂಚಿನಲ್ಲಿ ಕೂತಿದ್ದ ಬಾಮೈದ ತಲೆಯೆತ್ತಿ ಅವನನ್ನೇ ನೋಡಿದ್ದ. ಏನನ್ನೋ ಹೇಳಹೊರಟು ಸುಮ್ಮನಾಗಿದ್ದ. ಅದೇ ವಾರ ಅವನನ್ನು ಕೆಲಸದಿಂದ ತೆಗೆದರು.

ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಹೆಂಡತಿ ಭಾನುವಾರ ಒಬ್ಬಳೇ ತಮ್ಮನ ಮನೆಗೆ ಹೋಗಿ ಬರುತ್ತಿದ್ದಳು. ಬಂದು ಏನೂ ಹೇಳುತ್ತಿರಲಿಲ್ಲ. ಹೇಳದಿರುವುದನ್ನೂ ಒಂದು ಹದದಲ್ಲಿ ಮಾಡುತ್ತಿದ್ದಳು: ತಟ್ಟೆ ಇಡುವಾಗ ಸದ್ದಾಗದಂತೆ, ಬಾಗಿಲು ಹಾಕುವಾಗ ಸದ್ದಾಗುವಂತೆ.

ಮಧ್ಯಾಹ್ನ ಊಟಕ್ಕೆ ಹೋಗದೆ ಕನ್ನಡಿ ಉಗ್ರಾಣದಲ್ಲಿ ಹುಡುಕಿದ. ಬಿಚ್ಚಿಕೊಂಡ ಹಲಗೆಯ ಸರಕಿನ ಮಾದರಿಯಲ್ಲಿ ಕತ್ತರಿಸಿ ಉಳಿದ ಅರ್ಧ, ಅವನದೇ ದುಂಡಕ್ಷರದ ಚೀಟಿಯ ಸಮೇತ, ತಗಡಿನ ಪೆಟ್ಟಿಗೆಯಲ್ಲಿತ್ತು. ಅದರಿಂದ ಹೆಬ್ಬೆರಳಗಲದ ತುಂಡು ಕತ್ತರಿಸಿದ. ಅರವನ್ನು ಮುಟ್ಟಲಿಲ್ಲ. ಅಂಟಿನ ಅಚ್ಚಿನಲ್ಲಿ ಕೂರಿಸಿ, ಒರಟು ಕಾಗದದಿಂದ ನಯದ ಕಾಗದಕ್ಕೆ, ಅಲ್ಲಿಂದ ಬಟ್ಟೆಗೆ, ಪ್ರತಿ ಸಲ ತುಂಡನ್ನು ಕಾಲು ಸುತ್ತು ತಿರುಗಿಸುತ್ತ ಉಜ್ಜಿದ. ಕೈ ತನ್ನ ಪಾಡಿಗೆ ತಾನು ಸುಖವಾಗಿ ಕೆಲಸ ಮಾಡುತ್ತಿತ್ತು. ಆ ಸುಖವೇ ಅವನಿಗೆ ಅಸಹ್ಯವೆನ್ನಿಸಿತು.

ಆಮ್ಲದಿಂದ ತೆಗೆದು ತೊಳೆದು ಮಸೂರದ ಕೆಳಗಿಟ್ಟಾಗ ಮೊದಲು ಕಂಡದ್ದು ಉಂಗುರಗಳು. ಒಂದರೊಳಗೊಂದು, ನಿಶ್ಶಬ್ದ ಕೊಳಕ್ಕೆ ಕಲ್ಲು ಬಿದ್ದ ಕ್ಷಣವನ್ನೇ ಯಾರೋ ಲೋಹದಲ್ಲಿ ಹಿಡಿದಿಟ್ಟಂತೆ. ಬಾಮೈದನ ಕೈ ನಡೆಸಿದ ಬೆಸುಗೆ. ಇಷ್ಟು ಸಮನಾದ ಉಂಗುರಗಳು ಅವಸರದ ಕೈಗೆ ಬರುವಂಥವಲ್ಲ. ಇದನ್ನು ಅವನು ಅಂದೇ ಬಲ್ಲವನಾಗಿದ್ದ, ಯಾರೂ ಕೇಳಲಿಲ್ಲವೆಂದು ಹೇಳಿರಲಿಲ್ಲ. ಮಸೂರವನ್ನು ಕೆಳಕ್ಕೆ ಸರಿಸಿದ. ಅಡಿಯ ಅಂಚಿನಿಂದ ಕಪ್ಪು ಗೆರೆಯೊಂದು, ಕೂದಲಿಗಿಂತ ಎಷ್ಟೋ ತೆಳ್ಳಗೆ, ಸ್ವಲ್ಪ ವಾಲಿಕೊಂಡು ಮೇಲಕ್ಕೆ ಹತ್ತಿ ಮೂರೂವರೆ ಹತ್ತಂಶದಲ್ಲಿ ಮುಗಿದಿತ್ತು. ಎರಡು ಹಲಗೆಗಳು ಅಲ್ಲಿ ಕೂಡಿರಲೇ ಇಲ್ಲ. ಬಾಮೈದ ಬರೆದದ್ದು ಮೂರು ಸಲವೂ ಸರಿಯಿತ್ತು.

ದಾಖಲೆ ಪುಸ್ತಕವನ್ನು ತೆರೆದ. ಹಲಗೆಯ ದಪ್ಪ ಆರು ಮಿಲಿಮೀಟರು. ಪರೀಕ್ಷಿಸಿದ ತುಂಡಿನ ದಪ್ಪ ಎಂಬ ಅಂಕಣದಲ್ಲಿ ಹನ್ನೊಂದು ವರ್ಷವೂ ಅವನ ಕೈ ಪ್ರಾಮಾಣಿಕವಾಗಿ ಐದು ದಶಾಂಶ ಆರು ಎಂದು ಬರೆದಿತ್ತು. ಪುಟದ ಕೊನೆಗೆ ಮ್ಯಾನೇಜರನ ಸಹಿ. ಇಬ್ಬರೂ ಬರೆದಿದ್ದರು, ಇಬ್ಬರೂ ಓದಿರಲಿಲ್ಲ.

ಮ್ಯಾನೇಜರನ ಕೋಣೆಯಲ್ಲಿ ಗೋಡೆಗೆ ಏಳು ಚಿತ್ರಗಳು ಚೌಕಟ್ಟು ಹಾಕಿ ನೇತಾಡುತ್ತಿದ್ದವು. ಎಲ್ಲವೂ ಕನ್ನಡಿ ತೆಗೆದ ಬೆಸುಗೆಗಳ ಒಳಚಿತ್ರಗಳು. ಬಂದ ಗಿರಾಕಿಗಳು ಮೊದಲು ನೋಡುತ್ತಿದ್ದದ್ದು ಅವನ್ನೇ. ಕನ್ನಡಿ ಹೇಳಿದ್ದನ್ನೆಲ್ಲ ಮ್ಯಾನೇಜರ್ ಅರ್ಧಕ್ಕೆ ತಡೆಯದೆ ಕೇಳಿಸಿಕೊಂಡ.

"ನಿವೃತ್ತಿಗೆ ಎಷ್ಟು ವಾರ ಉಳಿದಿದೆ ನಿಮಗೆ?"

"ಏಳು."

"ಏಳು ವಾರ ಸುಮ್ಮನಿರೋಕೆ ಆಗಲ್ವಾ?" ಅವನ ಧ್ವನಿಯಲ್ಲಿ ಬೆದರಿಕೆಯಿರಲಿಲ್ಲ, ನಿಜವಾದ ಕುತೂಹಲವಿತ್ತು. "ನೋಡಿ, ಇವತ್ತೇ ಹೊಸ ಪಿನ್ನು ಹಾಕಿಸ್ತೀನಿ. ನಾಳೆಯಿಂದ ಬೆನ್ನು ತೀಡಬೇಡಿ. ಮುಂದಿಂದು ಸರಿಹೋಯ್ತು. ಹಿಂದಿಂದನ್ನ ಏನು ಮಾಡ್ತೀರಿ? ಆ ಹಲಗೆಗಳ ಮೇಲೆ ಎಷ್ಟು ಹಡಗು ಓಡಾಡ್ತಿದೆ ಗೊತ್ತಾ?"

"ಅದಕ್ಕೇ ಹೇಳ್ತಿರೋದು."

"ಅದಕ್ಕೇ ಹೇಳಬೇಡಿ ಅಂತಿರೋದು ನಾನೂ." ಮ್ಯಾನೇಜರ್ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದ. "ಇಷ್ಟು ಚೆಂದದ ಚಿತ್ರ ತೆಗೆಯೋರು ಇನ್ನೊಬ್ಬರು ಸಿಗಲ್ಲ ಸಾರ್. ಜನ ನಿಮ್ಮನ್ನ ಇದರಿಂದ ನೆನಪಿಟ್ಕೊಳ್ಳಲಿ."

"ಬಾಮೈದನ ವಿಷಯ?"

"ಅವನಿಗೆ ಬೇರೆ ಕೆಲಸ ಸಿಕ್ಕಿದೆಯಲ್ಲ," ಎಂದ ಮ್ಯಾನೇಜರ್. ಅಷ್ಟರಲ್ಲಿ ದೂರವಾಣಿ ಹೊಡೆದುಕೊಂಡಿತು. ಅದು ಹೊಡೆದುಕೊಂಡದ್ದಕ್ಕೆ ಇಬ್ಬರಿಗೂ ನೆಮ್ಮದಿಯಾಯಿತು.

ಪ್ರಯೋಗಾಲಯಕ್ಕೆ ಮರಳಿದಾಗ ಇಂಜಿನಿಯರಮ್ಮ ತನ್ನ ವರದಿ ಬರೆಯುತ್ತಿದ್ದಳು. "ಇವತ್ತಿನ ಸರಕು ನಾನು ತಡೆದಿದೀನಿ," ಎಂದಳು. "ಹಳೇದರ ಬಗ್ಗೆ ನಾನು ಬರೆದ್ರೆ ಊಹೆ ಆಗತ್ತೆ. ನೀವು ಬರೆದ್ರೆ ಸಾಕ್ಷಿ."

ಅವನು ಬರೆದ. ದೋಣಿಗಳ ತಪಾಸಣಾ ಕಚೇರಿಗೆ ಒಂದೂವರೆ ಪುಟದ ಕಾಗದ. ನಾಲ್ಕು ಸಲ ಹರಿದು ಐದನೆಯದನ್ನು ಉಳಿಸಿಕೊಂಡ. ಅದನ್ನು ಸೀದಾ ಕಚೇರಿಗೆ ಒಯ್ಯಬಹುದಾಗಿತ್ತು. ಮೊದಲು ಬಾಮೈದನಿಗೆ ತೋರಿಸಬೇಕೆನ್ನಿಸಿದ್ದು ನ್ಯಾಯಕ್ಕಾಗಿಯೇ, ಅಥವಾ ಒಂದು ಒಳ್ಳೆಯ ಮಾತು ಸಿಕ್ಕೀತೆಂಬ ಆಸೆಗೇ ಎಂದು ಅವನು ಕೇಳಿಕೊಳ್ಳಲು ಹೋಗಲಿಲ್ಲ.

ಬಾಮೈದ ಈಗ ಬಸ್ ಡಿಪೋದ ಹಿಂದಿನ ಶೆಡ್ಡಿನಲ್ಲಿ ಟಯರು ಬದಲಿಸುತ್ತಿದ್ದ. ಮರುದಿನ ಮಧ್ಯಾಹ್ನ ಕನ್ನಡಿ ಹೋದಾಗ ಅವನು ಜಾಕಿಯ ಮೇಲೆ ನಿಲ್ಲಿಸಿದ ಬಸ್ಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಚಕ್ರದ ನಟ್ಟು ಬಿಚ್ಚುತ್ತಿದ್ದ. ತಲೆಯೆತ್ತಿ ನೋಡಿ, ಮತ್ತೆ ನಟ್ಟಿನ ಕಡೆ ತಿರುಗಿದ.

"ಅಕ್ಕ ಹುಷಾರಾಗಿದ್ದಾಳಾ?"

"ಇದ್ದಾಳೆ. ಅದಕ್ಕೆ ಬಂದದ್ದಲ್ಲ."

"ಹಾಗಾದ್ರೆ ಟಯರಿಗೆ ಬಂದಿರಬೇಕು. ನಿಮ್ಮ ಸೈಕಲ್ಲಿಂದು ಇಲ್ಲಿ ಸಿಗಲ್ಲ ಭಾವ."

ಕನ್ನಡಿ ನಿಂತುಕೊಂಡೇ ಹೇಳಿದ. ಉಬ್ಬು, ಹೊಸ ಪಟ್ಟಿ, ಅರ, ನಾಲ್ಕು ಹತ್ತಂಶ, ಉಗ್ರಾಣದ ಅರ್ಧ ತುಂಡು, ಕಪ್ಪು ಗೆರೆ. ವಾಕ್ಯ ವಾಕ್ಯಕ್ಕೂ ಒಂದು ನಟ್ಟು ಬಿಚ್ಚಿ ತಗಡಿನ ಡಬ್ಬಕ್ಕೆ ಬೀಳುತ್ತಿತ್ತು.

"ಗೊತ್ತು," ಎಂದ ಬಾಮೈದ.

"ಏನು ಗೊತ್ತು?"

"ನೀವು ತೀಡ್ತಿದ್ದದ್ದು. ನಾನೇನು ಕುರುಡನಾ? ಮಾದರಿ ಹಲಗೆ ತಂದು ನಿಮ್ಮ ಮೇಜಿನ ಮೇಲೆ ಇಡ್ತಿದ್ದವನು ನಾನೇ ಅಲ್ವಾ."

ಕನ್ನಡಿ ಪಕ್ಕದಲ್ಲಿದ್ದ ಹಳೆಯ ಟಯರಿನ ಮೇಲೆ ಕೂತ.

"ನನಗೋಸ್ಕರ ತೀಡ್ತಾರೆ ಅಂದ್ಕೊಂಡಿದ್ದೆ," ಎಂದ ಬಾಮೈದ. ಈಗ ಅವನ ಕೈ ನಿಂತಿತ್ತು. "ಪಿನ್ನು ಮೊಂಡಾಗಿದೆ, ಬಾಮೈದನ ಹಲಗೆ ಪರೀಕ್ಷೇಲಿ ಬಿದ್ದು ಹೋಗತ್ತೆ, ಪಾಪ ಅಂತ. ಮನೇಲಿ ಇವಳ ಹತ್ರ ಹೇಳ್ಕೊಂಡಿದ್ದೆ, ಅಕ್ಕನ್ನ ಒಳ್ಳೆ ಕಡೆ ಕೊಟ್ಟಿದೀವಿ ಅಂತ. ಅದಕ್ಕೇ ವಿಚಾರಣೇಲಿ ತುಟಿ ಬಿಚ್ಚಲಿಲ್ಲ. ನಾನು ಹೇಳಿದ್ರೆ ಇಬ್ರೂ ಹೋಗ್ತಿದ್ವಿ. ಭಾವ ದೊಡ್ಡವರು, ತಾವಾಗೇ ಹೇಳ್ತಾರೆ, ಕಾಯೋಣ ಅಂತ ಕೂತೆ. ನೀವು ಎದ್ದು ನಿಂತು ನನ್ನ ತುಂಡು ಸುಳ್ಳು ಹೇಳಲ್ಲ ಅಂದ್ರಿ."

"ನನಗೆ ಗೊತ್ತಿರಲಿಲ್ಲ ಕಣೋ."

"ಗೊತ್ತಿಲ್ದೆ ಯಾಕೆ ತೀಡಿದ್ರಿ? ಉಬ್ಬಿರಲಿಲ್ಲ ಅಂತೀರಿ. ಮೇಲಿನವರು ಹೇಳಿರಲಿಲ್ಲ ಅಂತೀರಿ. ನನಗೋಸ್ಕರವೂ ಅಲ್ಲ. ಮತ್ಯಾಕೆ?"

ಬಸ್ಸೊಂದು ಹಿಮ್ಮುಖವಾಗಿ ಬಂದು ನಿಂತಿತು. ಅದರ ಎಂಜಿನ್ನು ಆರುವತನಕ ಕನ್ನಡಿಗೆ ಅವಕಾಶ ಸಿಕ್ಕಿತು. ಆರಿದ ಮೇಲೆ ಹೇಳಲೇಬೇಕಾಯಿತು.

"ತೀಡಿದ್ರೆ ಅಂಚು ಸರಳರೇಖೆ ಥರ ಬರತ್ತೆ. ಚಿತ್ರ ಚೆನ್ನಾಗಿ ಕಾಣತ್ತೆ."

"ಚೆಂದಕ್ಕಾ?"

"ಹೂಂ."

"ಬರೀ ಚೆಂದಕ್ಕಾ?"

ಬಾಮೈದ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಗ್ರೀಸು ಹೋಗದಿದ್ದರೂ ಬಹಳ ಹೊತ್ತು ಒರೆಸಿಕೊಂಡ.

"ಎರಡು ವರ್ಷ ನಿಮ್ಮನ್ನ ದ್ವೇಷ ಮಾಡ್ದೆ ಭಾವ. ಸುಮ್ನೆ ಆಗ್ಲಿಲ್ಲ, ಮೈ ಬಗ್ಗಿಸಿ ಮಾಡ್ದೆ. ಬೇಕಂತ್ಲೇ ನನ್ನನ್ನ ಬಲಿ ಕೊಟ್ರು, ಎಂಥ ಗಟ್ಟಿ ಮನುಷ್ಯ ಅಂತ. ಈಗ ನೋಡಿದ್ರೆ ಅದಕ್ಕೂ ಲಾಯಕ್ಕಿಲ್ಲ ನೀವು."

ಕನ್ನಡಿ ಜೇಬಿನಿಂದ ಕಾಗದ ತೆಗೆದು ಕೊಟ್ಟ. ಬಾಮೈದ ಅಂಚುಗಳನ್ನಷ್ಟೇ ಹಿಡಿದು, ಮಸಿ ತಾಗದಂತೆ, ನಿಧಾನವಾಗಿ ಓದಿದ. ಎರಡನೆಯ ಪುಟದಲ್ಲಿ ನಿಂತ.

"'ಹಳೆಯ ಪದ್ಧತಿಯು ಅನವಧಾನದಿಂದ ಮುಂದುವರಿದು.' ಇದೇನಿದು? ಪದ್ಧತಿಗೆ ಕೈ ಇತ್ತಾ, ಅರ ಹಿಡ್ಕೊಂಡು ತೀಡೋಕೆ?"

"ಕಚೇರಿ ಭಾಷೆ ಹಾಗೇ ಇರತ್ತೆ."

"ಇಲ್ಲೂ ತೀಡ್ತಿದೀರಿ ನೀವು." ಅವನು ಕಾಗದವನ್ನು ಮಡಚದೆ ಹಿಂತಿರುಗಿಸಿದ. "ನನ್ನ ಹೆಸರಿಗೆ ಅಂಟಿದ್ದನ್ನ ಒರೆಸೋದಾದ್ರೆ ಪೂರ್ತಿ ಒರೆಸಿ. ಚಿತ್ರ ಚೆಂದ ಕಾಣಲಿ ಅಂತ ತೀಡಿದೆ ಅಂತ ಬರೀರಿ. ನನ್ನ ಬಾಮೈದ ಬರೆದದ್ದು ಸರಿಯಿತ್ತು, ನಾನು ಆಡಿದ್ದು ತಪ್ಪು ಅಂತ ಬರೀರಿ. ಆಗದಿದ್ರೆ ಕೊಡಲೇಬೇಡಿ, ನನ್ನ ಪಾಡಿಗೆ ಟಯರಿದೆ."

"ಬರೆದರೆ ಮನೆಗೆ ಬರ್ತೀಯಾ?"

ಬಾಮೈದ ಆಗಲೇ ಕುಕ್ಕರಗಾಲಲ್ಲಿ ಕೂತಿದ್ದ. "ಅಕ್ಕ ಭಾನುವಾರ ಬರ್ತಾಳಲ್ಲ," ಎಂದ. "ಅಷ್ಟು ಸಾಕು."

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ. "ನಾನೂ ಅವನ ಥರಾನೇ ಅಂದ್ಕೊಂಡಿದ್ದೆ," ಎಂದಳು. "ನೀವು ಗೊತ್ತಿದ್ದೇ ಹೇಳಿದ್ರಿ ಅಂತ. ಏನೋ ದೊಡ್ಡ ಕಾರಣ ಇರತ್ತೆ, ಯಾವತ್ತಾದ್ರೂ ಹೇಳ್ತಾರೆ ಅಂತ ಕಾಯ್ತಿದ್ದೆ." ಸ್ವಲ್ಪ ಹೊತ್ತು ಅವನ ಕೈಗಳನ್ನು, ಮೂವತ್ತೊಂದು ವರ್ಷ ಉಜ್ಜಿ ಬೆರಳತುದಿಯ ಗೆರೆಗಳೇ ಅಳಿಸಿಹೋಗಿದ್ದ ಆ ಕೈಗಳನ್ನು, ಬೇರೆ ಯಾರದೋ ಎಂಬಂತೆ ನೋಡಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ತಪಾಸಣಾ ಕಚೇರಿ ತೆರೆಯುವ ಹೊತ್ತಿಗೆ ಕನ್ನಡಿ ಸಾಲಿನಲ್ಲಿ ಎರಡನೆಯವನಾಗಿದ್ದ. ಹಳೆಯ ಕಾಗದದ ಎರಡನೆಯ ಪುಟವನ್ನು ಹೊಸದಾಗಿ ಬರೆದಿದ್ದ. ತುಂಡು, ಚಿತ್ರ, ದಾಖಲೆಯ ಪ್ರತಿಗಳು, ಪಾಳಿ ಪುಸ್ತಕದ ಮೂರು ಪುಟ, ಎಲ್ಲವೂ ಲಕೋಟೆಯಲ್ಲಿದ್ದವು. ಕಿಟಕಿಯ ಆಚೆಗಿದ್ದ ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿ, ಬೆರಳಿಟ್ಟು ಓದುತ್ತ ಹೋದ. ಕೂಲಿಯವನ ಪಾದದ ಬಳಿ ಬೆರಳು ನಿಂತು, ಮುಂದೆ ಹೋಯಿತು. ಎರಡನೆಯ ಪುಟದ ನಡುವೆ ಮತ್ತೆ ನಿಂತಿತು.

"ಇಲ್ಲೊಂದು 'ಚೆಂದಕ್ಕಾಗಿ' ಅಂತ ಇದೆಯಲ್ಲ ಸಾರ್. ಇದು ತಾಂತ್ರಿಕ ಪದವಾ?"

"ಅಲ್ಲ."

"ಮೇಲಿನವರು ಕೇಳ್ತಾರೆ. ಪದ್ಧತಿ ಲೋಪ ಅಂತ ಒಂದು ಕಾಲಂ ಇದೆ, ಅದರಲ್ಲಿ ಹಾಕಿದ್ರೆ ಎಲ್ರಿಗೂ ಸಲೀಸು. ಇದನ್ನ ಹೊಡೆದು ಹಾಕ್ಲಾ?"

ಹಿಂದೆ ನಿಂತವರು ಅಸಹನೆಯಿಂದ ಕಾಲು ಬದಲಿಸುತ್ತಿದ್ದರು. ಗುಮಾಸ್ತನ ಲೇಖನಿ ಆ ಪದದ ಮೇಲೆ, ಒಳ್ಳೆಯ ಮನಸ್ಸಿನಿಂದಲೇ, ಕಾಯುತ್ತಿತ್ತು.

"ಬೇಡ," ಎಂದ ಕನ್ನಡಿ. "ಅದೊಂದೇ ನಿಜ ಇರೋದು. ಬಿಡಿ."

ಗುಮಾಸ್ತ ಭುಜ ಕುಣಿಸಿ, ಮುದ್ರೆಯನ್ನು ಮಸಿಗೆ ಒತ್ತಿ, ಕಾಗದದ ಮೇಲೆ ಓರೆಯಾಗಿ ಹೊಡೆದ. ಸ್ವೀಕರಿಸಿದ ಪ್ರತಿಯನ್ನು ಕಿಟಕಿಯ ಕೆಳಗಿಂದ ತಳ್ಳಿ, "ಮುಂದಿನವರು ಬನ್ನಿ," ಎಂದ.